ಕಷಾಯದ ಮೇಲಿನ ಬೆಲ್ಲ

ನನ್ನ ಮಗಳ ಅತ್ತೆ ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲು ನನಗೆ ಮನಸ್ಸಾಗಲಿಕ್ಕಿಲ್ಲ.

ಮಗಳ ಮದುವೆ ಆದದ್ದು ಬೇಸಿಗೆಯಲ್ಲಿ. ಬ್ರಹ್ಮಾವರದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಕಿರಿಮಂಜೇಶ್ವರದ ಅವಳ ಗಂಡನ ಮನೆಗೆ ಹೋಗಿ, ಅವಳ ಮುಖ ನೋಡಿ, ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಆದರೂ ನಾನು ಹೋಗಲಿಲ್ಲ. ನಮ್ಮ ಕಡೆ ಹೊಸ ಮದುಮಗಳು ಮೊದಲನೆಯ ಆಸಾಡಿಗೆ, ಅಂದರೆ ಆಷಾಢದ ಮಳೆ ತಿಂಗಳಿಗೆ, ತಾಯಿ ಮನೆಗೆ ಬಂದು ಕೂರುವುದು ಕ್ರಮ. ಆ ಒಂದು ತಿಂಗಳು ಅವಳು ಪೂರಾ ನನ್ನವಳು ಎಂದು ಕಾದು ಕುಳಿತಿದ್ದೆ. ಹಲಸಿನ ಹಪ್ಪಳ ಒಣಗಿಸಿ ಡಬ್ಬಿ ತುಂಬಿಸಿದ್ದೆ. ಪತ್ರೊಡೆಗೆಂದು ಬಾವಿಕಟ್ಟೆಯ ಹತ್ತಿರದ ಕೆಸುವಿನ ಎಲೆಗಳನ್ನು ಯಾರಿಗೂ ಕೊಯ್ಯಲು ಬಿಟ್ಟಿರಲಿಲ್ಲ. ಅವಳು ಬರುವ ಹಿಂದಿನ ದಿನ, ಅವಳಿಗೆ ಇಷ್ಟವೆಂದು, ಗಟ್ಟಿ ಹಾಲಿನಲ್ಲಿ ಮೊಸರಿಗೆ ಹೆಪ್ಪು ಹಾಕಿದ್ದೆ.

ಬಂದ ರಾತ್ರಿಯೇ ಅವಳು ಮೊಸರಿನ ಪಾತ್ರೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು.

"ಮಳಿಗಾಲ್ದಗೆ ರಾತ್ರಿ ಮೊಸ್ರ್ ತಿಂಬುಕಾಗ ಅಮ್ಮ. ಕಫ ಆತ್ತ್ ಅಂಬ್ರ್ ಅತ್ತಿ."

"ಇಷ್ಟ್ ವರ್ಷ ತಿಂದ್ಯಲೆ, ಎಂತ ಆಯ್ತ್?"

"ವರ್ಷ ವರ್ಷ ಶೀತ ಆತಿತ್ತಲೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಶೀತಕ್ಕೆಲ್ಲ ರಾತ್ರಿ ಎದ್ದು ಆವಿ ಹಿಡಿಸಿದವಳು ನಾನು. ಕಾರಣ ಕಂಡುಹಿಡಿದ ಹೆಸರು ಮಾತ್ರ ಇನ್ನೊಬ್ಬಳಿಗೆ.

ಬೀಗಿತ್ತಿಯ ತಂದೆ ಊರಿನಲ್ಲಿ ಮದ್ದು ಕೊಡುತ್ತಿದ್ದವರಂತೆ. ಅವರಿಂದ ಕಲಿತದ್ದನ್ನು ಈಕೆ ಮನೆಯಲ್ಲಿ ನಡೆಸಿಕೊಂಡು ಬಂದಿದ್ದಾಳೆ, ಅದಕ್ಕೆ ಋತುಚರ್ಯೆ ಎನ್ನುತ್ತಾಳೆ. ಮಗಳು ಮೂರು ತಿಂಗಳಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನಾನು ಏಳುವ ಮೊದಲೇ ಎದ್ದು ಒಣಶುಂಠಿ ಹಾಕಿ ಕುದಿಸಿದ ನೀರು ಕುಡಿಯುವಳು. ಅಕ್ಕಿ ಹಳೆಯದಾ ಹೊಸದಾ ಎಂದು ಕೇಳುವಳು. ಮಧ್ಯಾಹ್ನ ಉಂಡು ನನ್ನ ಪಕ್ಕ ಉರುಳಿಕೊಂಡು, ಕಾಲು ನನ್ನ ಮೇಲೆ ಹಾಕಿ ನಿದ್ದೆ ಹೊಡೆಯುತ್ತಿದ್ದ ಹುಡುಗಿ ಈಗ ಕಿಟಕಿಯ ಹತ್ತಿರ ನೆಟ್ಟಗೆ ಕುಳಿತು ಮಳೆ ನೋಡುವಳು.

"ಹಗ್ಲ್ ಮನ್ಕಂಬ್ದ್ ಬೇಸಗಿಯಂಗ್ ಅಡ್ಡಿಲ್ಲ. ಮಳಿಗಾಲ್ದಗೆ ಆಗ."

ನಾನು ಒಬ್ಬಳೇ ಮಲಗಿದೆ. ಚಾಪೆ ಅಗಲವಾಗಿತ್ತು.

ತಲೆಗೆ ಎಣ್ಣೆ ಹಾಕುವುದಂತೂ ನನ್ನ ಹಕ್ಕು ಎಂದುಕೊಂಡಿದ್ದೆ. ತೆಂಗಿನೆಣ್ಣೆಯ ಬಟ್ಟಲು ಹಿಡಿದು ಕುಳಿತರೆ ಅವಳು ಚೀಲದಿಂದ ಎಳ್ಳೆಣ್ಣೆಯ ಬಾಟಲಿ ತೆಗೆದಳು. ಮಳೆಗಾಲಕ್ಕೆ ಇದೇ ಆಗಬೇಕಂತೆ, ಬೆಚ್ಚಗೆ ಮಾಡಿ ಹಚ್ಚಬೇಕಂತೆ, ಪಾದಕ್ಕೂ ತಿಕ್ಕಬೇಕಂತೆ. ತಿಕ್ಕಿದೆ. ಕೈ ನನ್ನದು, ಎಣ್ಣೆ ಬೀಗಿತ್ತಿಯದು. ಆ ಎಣ್ಣೆಯ ವಾಸನೆ ಮರುದಿನವೂ ನನ್ನ ಬೆರಳಿನಲ್ಲಿತ್ತು. ಸೋಪು ಹಾಕಿ ತೊಳೆದೆ.

ಹಾಗೆ ನೋಡಿದರೆ ಇದರಲ್ಲಿ ನನಗೆ ಗೊತ್ತಿಲ್ಲದ್ದು ಎಂತ ಇತ್ತು? ಬೇಸಿಗೆಯಲ್ಲಿ ಒಂದೆಲಗದ ತಂಬುಳಿ, ಮಳೆ ಹಿಡಿದ ಮೇಲೆ ಹುರುಳಿಸಾರು, ಚಳಿ ಬಂದರೆ ಎಳ್ಳು ಬೆಲ್ಲ. ಆಯಾ ಕಾಲದಲ್ಲಿ ಅದದು ಇವಳ ಬಟ್ಟಲಿಗೆ ಬಿದ್ದೇ ಇವಳು ಇಷ್ಟುದ್ದ ಬೆಳೆದದ್ದು. ನಾನು ಅದಕ್ಕೆ ಹೆಸರಿಡಲಿಲ್ಲ, ಅಷ್ಟೇ. ಅಡುಗೆ ಎಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಹೊಟ್ಟೆಕಿಚ್ಚು ಎನ್ನುವುದು ಮಾತಿಗೆ ಹೇಳುವುದು ಎಂದುಕೊಂಡಿದ್ದೆ. ಹಾಗಲ್ಲ, ನಿಜವಾಗಿ ಹೊಟ್ಟೆಯಲ್ಲೇ ಉರಿಯುತ್ತದೆ, ಊಟ ಸೇರುವುದಿಲ್ಲ. ಗಂಡನಿಗೆ ಎಲ್ಲ ಅರ್ಥವಾಗುತ್ತಿತ್ತು. "ಹೊಟ್ಟಿ ಉರಿಗೂ ಬೀಗಿತ್ತಿ ಹತ್ರ ಒಂದ್ ಮದ್ದ್ ಇಪ್ಪುಕ್ ಸಾಕ್, ಕೇಳ್ ಕಾಂಬ" ಎಂದು ಪೇಪರಿನ ಹಿಂದಿನಿಂದ ಹೇಳಿದರು. ಅವರಿಗೆ ಆ ದಿನ ಸಂಜೆಯ ಚಾ ಬರಲಿಲ್ಲ.

ನನ್ನ ಕೈಯಲ್ಲಿ ಉಳಿದದ್ದು ಆಸಾಡಿ ಅಮಾವಾಸ್ಯೆ ಒಂದೇ. ಆ ದಿನ ಬೆಳಗಾಗುವ ಮೊದಲು ಹಾಲೆಮರದ ತೊಗಟೆ, ನಾವು ಕೆತ್ತೆ ಎನ್ನುತ್ತೇವೆ, ತಂದು ಜಜ್ಜಿ ರಸ ತೆಗೆದು ಖಾಲಿ ಹೊಟ್ಟೆಯಲ್ಲಿ ಕುಡಿಯುವುದು. ವರ್ಷದ ರೋಗವೆಲ್ಲ ಅದರಲ್ಲಿ ಹೋಗುತ್ತದೆ ಎಂದು ನಂಬಿಕೆ. ಕಹಿ ಎಂದರೆ ಕಿವಿಯ ತನಕ ಕಹಿ. ಮಗಳು ಚಿಕ್ಕವಳಿದ್ದಾಗ ಬಾವಿಯ ಸುತ್ತ ಓಡಿಸಿ ಹಿಡಿಯಬೇಕಿತ್ತು. ಮೂಗು ಹಿಡಿದು ಕುಡಿಸಿದರೆ ಕಣ್ಣು ಮುಚ್ಚಿ, ಬಾಯಿ ಬಿಗಿದು, ಮುಖ ಎತ್ತಿ ನಿಲ್ಲುತ್ತಿದ್ದಳು. ನಾನು ಬೆರಳಲ್ಲಿ ಬೆಲ್ಲದ ತುಂಡು ತುಟಿಗೆ ಮುಟ್ಟಿಸಿದ ಮೇಲೆಯೇ ಬಾಯಿ ಬಿಡುತ್ತಿದ್ದುದು. ಕಾಲೇಜಿಗೆ ಹೋಗುವಾಗಲೂ ಅಷ್ಟೇ. ಅದೊಂದನ್ನು ಯಾವ ಅತ್ತೆಯೂ ಕಲಿಸಿರಲಿಕ್ಕಿಲ್ಲ ಎಂದು ಧೈರ್ಯ ತಂದುಕೊಂಡೆ.

ಹಿಂದಿನ ಸಂಜೆ ಗಂಡ ಹೋಗಿ ಮರ ನೋಡಿ ದಾರ ಕಟ್ಟಿ ಬಂದರು. ಕತ್ತಲಲ್ಲಿ ತಪ್ಪಿ ಕಾಸರಕನ ಮರಕ್ಕೆ ಕೈ ಹಾಕಿದರೆ ಬರುವುದು ಮದ್ದಲ್ಲ, ವಿಷ. ಅಷ್ಟರಲ್ಲಿ ಮಗಳ ಫೋನಿನಲ್ಲಿ ಬೀಗಿತ್ತಿಯ ವಾಯ್ಸ್ ಮೆಸೇಜ್. ಕೆತ್ತೆಗೆ ಕತ್ತಿ ಮುಟ್ಟಿಸಬಾರದು, ಕಲ್ಲಿನಲ್ಲೇ ಕುಟ್ಟಿ ತೆಗೆಯಬೇಕು. ಬೆಳ್ಳುಳ್ಳಿ, ಕಾಳುಮೆಣಸು ಧಾರಾಳ ಬೀಳಲಿ. ಕಷಾಯ ಉಷ್ಣ, ಮೇಲಿಂದ ಮೆಂತೆಗಂಜಿ ಉಣ್ಣಲು ಮರೆಯಬಾರದು. ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ ಎನ್ನುವುದು ಆಕೆಗೆ ಮರೆತುಹೋದಂತಿತ್ತು.

ಬೆಳಿಗ್ಗೆ ಎಲ್ಲವನ್ನೂ ಹಾಗೆಯೇ ಮಾಡಿದೆ. ಆಕೆ ಹೇಳಿದಳೆಂದಲ್ಲ, ನನ್ನ ಅಮ್ಮ ಹಾಗೆ ಮಾಡುತ್ತಿದ್ದಳೆಂದು. ಒಂದು ಒಲೆಯಲ್ಲಿ ಮೆಂತೆಗಂಜಿ ಕುದಿಯುತ್ತಿತ್ತು. ಇನ್ನೊಂದರಲ್ಲಿ ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ, ಒಗ್ಗರಣೆ ಕೊಟ್ಟ ಹಾಗೆ, ಕಷಾಯಕ್ಕೆ ಹಾಕಿದೆ. ಚೊಂಯ್ ಎಂದಿತು. ಒಂದು ತುಂಡು ಬೆಲ್ಲವನ್ನು ಕೈಯಲ್ಲಿ ಮುಚ್ಚಿ ಹಿಡಿದು ಮಗಳನ್ನು ಕರೆದೆ.

ಅವಳು ಬಂದಳು. ಓಡಲಿಲ್ಲ, ಮೂಗು ಹಿಡಿಯಲಿಲ್ಲ. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟಳು. ನಾನು ಕೈ ಎತ್ತುವಷ್ಟರಲ್ಲಿ ನನಗೆ ಬೆನ್ನು ಮಾಡಿ ಅಂಗಳದ ಕಡೆ ತಿರುಗಿ ನಿಂತಳು.

ಮುಗಿಯಿತು ಎನ್ನಿಸಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಹಿರಿಯರು ಹೇಳುವಾಗ ನಾನು ಜಗಳ ತೆಗೆದವಳು. ಈಗ ನನ್ನ ಅಡುಗೆಮನೆಯಲ್ಲೇ ಅದನ್ನು ಕಂಡೆ. ಕಹಿ ನುಂಗುವುದನ್ನೂ ಆಕೆ ಕಲಿಸಿದ್ದಾಳೆ, ಇನ್ನು ನನ್ನ ಬೆಲ್ಲ ಯಾರಿಗೆ? ಸಿಟ್ಟಿನಲ್ಲಿ ತುಂಡನ್ನು ನನ್ನ ಬಾಯಿಗೇ ಹಾಕಿಕೊಂಡೆ.

ಅದೇ ಹೊತ್ತಿಗೆ ಕಿಟಕಿಯ ದಂಡೆಯ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ವೀಡಿಯೋ ಕಾಲ್, ಬೀಗಿತ್ತಿಯದೇ. ಮಗಳು ಅದನ್ನು ಒತ್ತಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟಳು. ಅದೂ ನನಗೆ ಚುಚ್ಚಿತು.

"ಅತ್ತಿಗಿ, ಹೆಣ್ಣ್ ಕುಡೀತಾ?"

ನಾನು ಹೂಂ ಎಂದೆ. ಬಾಯಿಯಲ್ಲಿ ಬೆಲ್ಲ ಇತ್ತು.

"ಬಾಯ್ ಬಿಡುದಿಲ್ಲ ಅಲ್ದಾ? ಇಲ್ಲೂ ಹಾಂಗೇ. ಮಳಿ ಹಿಡುವತಿಗೆ ಕಿರಾತಕಡ್ಡಿ ಕಹಿ ಕಷಾಯ ಕೊಟ್ಟಿದ್ದೆ. ಕುಡ್ದ್ ಗೋಡಿ ಬದಿಗ್ ತಿರ್ಗಿ ನಿಂತ್ಕಂತ್. ಕಣ್ಣಂಗ್ ನೀರ್ ಬಪ್ದ್ ಯಾರೂ ಕಾಂಬುಕಾಗ ಅಂತ್. ನಾ ಬೆಲ್ಲ ಹಿಡ್ದ್ರೆ ತಲಿ ಅಲ್ಲಾಡ್ಸ್ತ್. ಬೆಲ್ಲ ಅಮ್ಮನೇ ಬಾಯಿಗ್ ಹಾಕ್ಕ್ ಅಂತ್ ಹೇಳ್ತ್ ಕಡಿಗೆ. ನನ್ ಕೈ ಬೆಲ್ಲ ಎಂತ, ಸಪ್ಪೆಯಾ ಅಂತ್ ಕೇಂಡೆ."

ನಗುತ್ತಲೇ ಹೇಳಿದಳು. ಆದರೆ ಆ ನಗುವಿನ ಅಡಿಯಲ್ಲಿದ್ದುದು ನನಗೆ ಗೊತ್ತಾಯಿತು. ಇಡೀ ತಿಂಗಳು ನನ್ನ ಹೊಟ್ಟೆಯಲ್ಲಿದ್ದುದೇ ಅದು.

ಮಗಳ ಭುಜ ಹಿಡಿದು ತಿರುಗಿಸಿದೆ. ತುಟಿ ಬಿಗಿದುಕೊಂಡಿದ್ದಳು, ಕಣ್ಣು ತುಂಬಿ ಕೆನ್ನೆಗೆ ಇಳಿದಿತ್ತು. ನನ್ನ ಕೈ ನೋಡಿದಳು. ಖಾಲಿ. ಆಮೇಲೆ ನನ್ನ ಉಬ್ಬಿದ ಕೆನ್ನೆ ನೋಡಿದಳು. ಬೆಲ್ಲ ಮುಟ್ಟದೆ ಬಾಯಿ ಬಿಡುವ ಹಾಗಿಲ್ಲ, ಇಲ್ಲದಿದ್ದರೆ ಅವಳು ಏನು ಹೇಳುತ್ತಿದ್ದಳು ಎಂದು ನನಗೆ ಗೊತ್ತು.

ಇದ್ದ ಬೆಲ್ಲವನ್ನು ನುಂಗಿ ಡಬ್ಬಿಗೆ ಓಡಿದೆ. ದೊಡ್ಡದೊಂದು ತುಂಡು ಒಡೆದೆ. ಅವಳು ಕಣ್ಣು ಮುಚ್ಚಿ ಮುಖ ಎತ್ತಿದಳು, ಬಾವಿಕಟ್ಟೆಯ ಹತ್ತಿರ ಎತ್ತುತ್ತಿದ್ದ ಹಾಗೆಯೇ.

ಫೋನು ಇನ್ನೂ ನಡೆಯುತ್ತಿತ್ತು. ಬೆಲ್ಲ ಹಾಕುವ ಮೊದಲು ಅದನ್ನು ಡಬ್ಬಿಗೆ ಒರಗಿಸಿ, ಬೀಗಿತ್ತಿಗೆ ಸರಿಯಾಗಿ ಕಾಣುವಂತೆ ನಮ್ಮ ಕಡೆ ತಿರುಗಿಸಿ ನಿಲ್ಲಿಸಿದೆ.