ಚುಕ್ಕಿಗಳೊಳಗಿನ ಅಂಕಿ

ಇವತ್ತು ಬೆಳಿಗ್ಗೆ ಗಣರಾಜ್ಯೋತ್ಸವದ ಪೆರೇಡ್ ರಿಹರ್ಸಲ್ ನೋಡಲು ಹೊರಟು ನಿಂತ ನಮ್ಮವರ ಕಾಲಲ್ಲಿ ಒಂದು ಹಸಿರು ಕಾಲುಚೀಲ, ಇನ್ನೊಂದು ಕಂದು. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರಾರ್ಥನೆಗೂ ಮೊದಲು ಕಾಲುಚೀಲ ನೋಡುತ್ತಿದ್ದ ಕಾಲದವಳು ನಾನು. ಅಂಥದ್ದು ಕಣ್ಣಿಗೆ ಬೀಳದೆ ಇರುತ್ತದೆಯೇ, ನೀವೇ ಹೇಳಿ. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಮದುವೆಯಾದ ಹೊಸತರಲ್ಲಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹಸಿರು ಸೀರೆಗೆ ಬ್ಲೌಸ್ ಪೀಸ್ ತನ್ನಿ ಎಂದರೆ ಕಂದು ತರುತ್ತಿದ್ದರು. ತರಕಾರಿ ಭಯ್ಯಾ ತುಂಬಿಸಿಕೊಟ್ಟ ಕಾಯಿ ಟೊಮೇಟೊ ಹಿಡಿದು ನಗುತ್ತಾ ಬರುತ್ತಿದ್ದರು. ಗಂಡಸರಿಗೆ ಗಮನವೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಗೊಣಗುತ್ತಿದ್ದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷ್ ಬರುತ್ತದೆ, ಅದೂ ಬಹಳ ಶುದ್ಧವಾದದ್ದು.

ನಿಜ ಹೇಳಿದವರು ನನ್ನ ಅತ್ತೆ. ಚಿಕ್ಕಂದಿನಿಂದ ಇವರಿಗೆ ಒಂದೇ ಹುಚ್ಚಂತೆ: ವಾಯುಪಡೆಯ ಪೈಲಟ್ ಆಗಬೇಕು. ಅಟ್ಟದ ಏಣಿಯೇ ವಿಮಾನ. ಪರೀಕ್ಷೆ, ಸಂದರ್ಶನ ಎಲ್ಲ ದಾಟಿ ಕೊನೆಗೆ ಡಾಕ್ಟರ್ ಮುಂದೆ ಕೂತರು. ಡಾಕ್ಟರ್ ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ಇವರಿಗೆ ಕಂಡದ್ದು ಬರೀ ಚುಕ್ಕಿ. ಇದು ಪ್ರಾಮಾಣಿಕತೆಯ ಪರೀಕ್ಷೆ, ಇಲ್ಲದ್ದನ್ನು ಇದೆ ಎನ್ನಬಾರದು ಎಂದುಕೊಂಡು, ಪುಟಪುಟಕ್ಕೂ ‘ಯಾವ ಅಂಕಿಯೂ ಇಲ್ಲ ಸರ್’ ಎಂದು ಎದೆಯುಬ್ಬಿಸಿ ಹೇಳಿ, ಹೊರಗೆ ಬಂದು ಜೊತೆಯವರಿಗೆಲ್ಲ ಚಹಾ ಕೊಡಿಸಿದರಂತೆ. ಸಂಜೆ ಕರೆದು ಹೇಳಿದರು: ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದ ಕಣ್ಣು, ಹಾರುವಂತಿಲ್ಲ.

ಆಮೇಲೆ ಕೇಂದ್ರ ಸರ್ಕಾರದ ಕೆಲಸ, ದೆಹಲಿ, ದ್ವಾರಕಾ ಬಡಾವಣೆಯ ಈ ಫ್ಲಾಟು. ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತು. ಆ ಮಾತು ಮಾತ್ರ ನಮ್ಮಿಬ್ಬರ ನಡುವೆ ಬಂದಿಲ್ಲ. ಜನವರಿಯಲ್ಲಿ ಆಫೀಸಿನಿಂದ ಪೆರೇಡಿನ ಪಾಸ್ ಸಿಕ್ಕರೆ ನನ್ನನ್ನೂ ಮಗಳನ್ನೂ ಕಳಿಸಿ ತಾವು ಮನೆಯಲ್ಲೇ ಉಳಿಯುತ್ತಿದ್ದರು. ಚಳಿ, ಎನ್ನುತ್ತಿದ್ದರು.

ಈ ಸಲ ಮಗಳು ಬಿಡಲಿಲ್ಲ. “ಅಪ್ಪಾ, ಚಲೋ ನಾ. ಮುಂದಿನ ವರ್ಷ ನೀವು ರಿಟೈರ್, ಪಾಸ್ ಕೌನ್ ದೇಗಾ?”

ಕುದುರೆಗಳು, ಬ್ಯಾಂಡು ಎಲ್ಲ ಸಾಗಿ ಕೊನೆಗೆ ವಿಮಾನಗಳು ಬಂದವು. ಜನ ತಲೆಯೆತ್ತುವ ಮೊದಲೇ ಇವರು ಸದ್ದಿನಲ್ಲೇ ಗುರುತಿಸಿ ಒಂದೊಂದರ ಹೆಸರು ಹೇಳತೊಡಗಿದರು. ಕೊನೆಯ ಗುಂಪು ಮೂರು ಬಣ್ಣದ ಹೊಗೆ ಬಿಡುತ್ತಾ ಹೋಯಿತು. ಸುತ್ತಲೂ ಚಪ್ಪಾಳೆ. ಇವರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಕೇಸರಿ ಯಾವ ಕಡೆ ಇದೆ?”

ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನನ್ನು ಒಂದು ಬಣ್ಣ ಕೇಳಿದ್ದು ಇದೇ ಮೊದಲು.

“ಎಡಗಡೆ ರೀ. ಬಲಗಡೆ ಹಸಿರು.”

ಎಡಕ್ಕೇ ನೋಡುತ್ತಾ ನಿಂತರು. ಹೊಗೆ ಗಾಳಿಗೆ ಹರಡಿ, ಒಂದರೊಳಗೊಂದು ಬೆರೆಯಿತು.

“ಈಗ?”

“ಈಗ ನನಗೂ ಗೊತ್ತಾಗುತ್ತಿಲ್ಲ,” ಎಂದೆ.