ಡೀಲಿಯಾಳ ತಿರುಗಿದ ಉಂಗುರ

ಗಾಲ್ವೇ ಊರಿನ ಸಂತೆಯಲ್ಲಿ ಮೀನು ಮಾರುವ ಡೀಲಿಯಾ ಫೋಲನ್‌ಗೆ ಬಾಯಿ ಜೋರು. ಹಳಸಿದ ಮೀನನ್ನು ತಾಜಾ ಎನ್ನುವವಳಲ್ಲ; ತಾಜಾ ಮೀನನ್ನು ಮೂಸಿ ನೋಡುವವರನ್ನು ಸುಮ್ಮನೆ ಬಿಡುವವಳೂ ಅಲ್ಲ. ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ಈ ವಾಸನೆ ತಡೆಯುವ ಮೂಗು ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ ಅಂಥ ಮೂಗೊಂದು ಪ್ರತಿ ಶನಿವಾರ ಅವಳ ಎದುರೇ ಬಂದು ನಿಲ್ಲುತ್ತಿತ್ತು. ಅದು ದೋಣಿ ರಿಪೇರಿಯ ಕೋಲ್ಮನ್‌ನದು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಾತಿನಲ್ಲಿ ಮಹಾ ಜಿಪುಣ. ಎರಡು ಬಂಗುಡೆ ಆರಿಸಲು ಅರ್ಧ ಗಂಟೆ ತೆಗೆದುಕೊಂಡು, ಮಳೆ ಬರಬಹುದು ಎಂದಷ್ಟೇ ಹೇಳಿ ಹೊರಟುಬಿಡುತ್ತಿದ್ದ. ಇವತ್ತಾದರೂ ಬೇರೇನಾದರೂ ಹೇಳಿಯಾನೆಂದು ಡೀಲಿಯಾ ಕಾದದ್ದೇ ಬಂತು. ಊರಿಗೆಲ್ಲ ಬೈಯುವ ಬಾಯಿ ಅವನೊಬ್ಬನ ಮುಂದೆ ಕಟ್ಟಿಹೋಗುತ್ತಿತ್ತು.

ಈಸ್ಟರ್ ಮುಗಿದ ಶನಿವಾರ ಅವನು ಬರಲಿಲ್ಲ. ಮುಂದಿನ ವಾರ ಬಂದ. ಆದರೆ ದೂರದಿಂದಲೇ ಟೋಪಿ ಎತ್ತಿ, ಎದುರು ಸಾಲಿನಲ್ಲಿ ಮೊಟ್ಟೆ ಕೊಂಡು ಹೋದ. ಅವತ್ತು ಡೀಲಿಯಾ ಮೀನು ಮೂಸಿದವರಿಗೂ ಬೈಯಲಿಲ್ಲ. ಪಕ್ಕದಲ್ಲಿ ಎಲೆಕೋಸು ಮಾರುವ ಬ್ರೀಡಾಗೆ ಇದನ್ನು ಕಂಡು ಗಾಬರಿಯಾಯಿತು.

"ಏನೇ, ನಿನ್ನವನು ಇಷ್ಟು ಬೇಗ ಕೈಕೊಟ್ಟನಾ?" ಎಂದಳು.

"ಯಾವನೇ ನನ್ನವನು?"

"ನಮಗೇನು ಕಣ್ಣಿಲ್ವಾ? ಬೆರಳು ನೋಡ್ಕೋ."

ಡೀಲಿಯಾ ಬಲಗೈ ನೋಡಿಕೊಂಡಳು. ಅಮ್ಮ ಬಿಟ್ಟುಹೋದ ಬೆಳ್ಳಿಯ ಉಂಗುರ. ಎರಡು ಕೈ ಹಿಡಿದ ಹೃದಯ, ಅದರ ಮೇಲೊಂದು ಕಿರೀಟ. ಹೃದಯದ ತುದಿ ಉಗುರಿನ ಕಡೆಗಿದ್ದರೆ ಹೆಣ್ಣು ಒಂಟಿ, ಮಣಿಕಟ್ಟಿನ ಕಡೆಗಿದ್ದರೆ ಮನಸ್ಸು ಕೊಟ್ಟಾಗಿದೆ. ಇದು ಆ ಊರಿನ ಹಾಲುಗಲ್ಲದ ಮಗುವಿಗೂ ಗೊತ್ತು. ಈಸ್ಟರ್ ಹಬ್ಬಕ್ಕೆಂದು ಉಂಗುರ ಕಳಚಿ ಉಜ್ಜಿದವಳು ಅವಸರದಲ್ಲಿ ಅದನ್ನು ಹಿಂದುಮುಂದಾಗಿ ತೊಟ್ಟುಬಿಟ್ಟಿದ್ದಳು. ಡೀಲಿಯಾ ಯಾರಿಗೋ ಒಲಿದಳೆಂದು ಊರೆಲ್ಲ ಓದಿ ಮುಗಿಸಿತ್ತು. ಹಬ್ಬದ ಹಿಂದಿನ ಶನಿವಾರ ಬಂಗುಡೆ ಆರಿಸುತ್ತ ಕೋಲ್ಮನ್ ಕೂಡ ಓದಿದ್ದ. ಮಾತಿಗೆ ಸೋಮಾರಿಯಾದರೂ ಕಣ್ಣು ಚುರುಕು, ಹಾಳಾದವನಿಗೆ.

ಅಂಗಡಿ ಬ್ರೀಡಾಗೆ ಒಪ್ಪಿಸಿ, ಏಪ್ರನ್ ಸಮೇತ ದೋಣಿಕಟ್ಟೆಗೆ ನಡೆದಳು. ಕೋಲ್ಮನ್ ದೋಣಿಗೆ ಟಾರು ಬಳಿಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಅವನ ಮುಖ ನೋಡುತ್ತಲೇ ಎತ್ತಲೋ ಹೋಯಿತು. ಉಂಗುರ ಕಳಚಿ ಅವನ ಮುಂದೆ ಹಿಡಿದಳು.

"ಇದನ್ನ ತಿರುಗುಮುರುಗಾಗಿ ಹಾಕ್ಕೊಂಡಿದ್ದೆ ಕಣೋ. ನನಗೆ ಯಾರೂ ಇಲ್ಲ. ಸರಿಯಾಗಿ ನೀನೇ ಹಾಕು."

ಕೋಲ್ಮನ್ ಬಂಗುಡೆ ಆರಿಸುವಷ್ಟೇ ನಿಧಾನವಾಗಿ ಕೈ ಒರೆಸಿಕೊಂಡ. ಆಮೇಲೆ ಅವಳ ಬಲಗೈ ಹಿಡಿದು ಉಂಗುರ ತೊಡಿಸಿದ. ಹೃದಯದ ತುದಿ ಮಣಿಕಟ್ಟಿನ ಕಡೆಗೇ ಇತ್ತು.

"ಅಯ್ಯೋ, ಮತ್ತೆ ಹಾಗೇ ಹಾಕಿದೆಯಲ್ಲೋ," ಎಂದಳು.

"ಅದು ಮೊದಲೂ ಸರಿಯಾಗೇ ಇತ್ತು, ಡೀಲಿಯಾ," ಎಂದ ಕೋಲ್ಮನ್. "ಯಾರಿಗೋಸ್ಕರ ಅಂತ ನನಗೆ ಗೊತ್ತಿರ್ಲಿಲ್ಲ, ಅಷ್ಟೇ."