ಮಾಲಕರ ಸೊಸೆ ಹೇಳಿಕೊಟ್ಟ ಅಡುಗೆ

ಹೋದ ವಾರ ಮಧ್ಯಾಹ್ನದ ಬಿಡುವಿನಲ್ಲಿ, ಹೂವಿನ ಹಿಪ್ಪರಗಿಯಿಂದ ದಿನಾ ಬಸ್ಸಿಗೆ ಬರುವ ನಮ್ಮ ಗಣಿತದ ಟೀಚರು ಊಟದ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಸುಸಲಾ ಇತ್ತು. ನೆನೆಸಿ ಹಿಂಡಿದ ಚುರಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ, ಮೇಲೆ ಹುರಿಗಡಲೆಯ ಪುಠಾಣಿ ಹಿಟ್ಟು. ಬಿಸಿ ಆರಿಹೋಗಿದ್ದರೂ ಆ ಹಿಟ್ಟಿನ ವಾಸನೆ ನಿಂಬೆಹುಳಿಯ ಜೊತೆ ಸೇರಿ ಮೂಗಿಗೆ ಬಂತು. ನನ್ನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಹಿಟ್ಟನ್ನು ಒಲೆ ಆರಿಸಿದ ಮೇಲೆ ಉದುರಿಸಿದ್ದಾರೆ ಎಂದು ವಾಸನೆಯಿಂದಲೇ ತಿಳಿಯಿತು. ಹಾಗೆ ಮಾಡಬೇಕೆಂದು ನನಗೆ ಕಲಿಸಿದವಳು ಸಿಂದಗಿಯ ನಮ್ಮ ಮನೆ ಮಾಲಕರ ಸೊಸೆ. ಅವಳು ತೀರಿಕೊಂಡು ಆರು ವರ್ಷವಾಗುತ್ತ ಬಂತು.

ನೌಕರಿ ಸಿಕ್ಕ ಹೊಸತರಲ್ಲಿ ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿದ್ದೆ. ನಮ್ಮೂರು ಗೊಳಸಂಗಿ. ದಿನಾ ಹೋಗಿ ಬರುವುದು ಆಗದ ಮಾತು, ಹಾಗಾಗಿ ಕಿರಾಣಿ ಅಂಗಡಿಯವರೊಬ್ಬರ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯಲ್ಲಿ ಮಾಲಕರು, ಅವರ ಹೆಂಡತಿ, ಅಂಗಡಿ ನೋಡಿಕೊಳ್ಳುವ ಒಬ್ಬನೇ ಮಗ. ಮಾಲಕರ ಹೆಂಡತಿಯನ್ನು ಎಲ್ಲರೂ ಅಮ್ಮಾರು ಎನ್ನುತ್ತಿದ್ದರು. ಮಾತು ಕಡಿಮೆ, ಶಿಸ್ತು ಹೆಚ್ಚು. ಆದರೆ ಬೇಸಿಗೆಯಲ್ಲಿ ನಾನು ಶಾಲೆಯಿಂದ ಬರುವ ಹೊತ್ತಿಗೆ ಒಂದು ತಂಬಿಗೆ ಮಜ್ಜಿಗೆ ನನ್ನ ಬಾಗಿಲ ಬಳಿ ಇಡುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಮರುವರ್ಷ ಆ ಮನೆಗೆ ಸೊಸೆ ಬಂದಳು. ಯಂಕಂಚಿಯವಳು, ಪಿಯುಸಿ ಓದಿದ್ದಳು, ಇಪ್ಪತ್ತೊಂದು ತುಂಬಿತ್ತೋ ಇಲ್ಲವೋ. ನನಗಿಂತ ಐದಾರು ವರ್ಷ ಚಿಕ್ಕವಳು. ಒಂದು ಸಂಜೆ ನಾನು ಚಹದಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುತ್ತಿದ್ದೆ. ಹಿತ್ತಲಲ್ಲಿ ಬಟ್ಟೆ ತೆಗೆಯಲು ಬಂದವಳು ಕಿಟಕಿಯಿಂದ ನೋಡಿ, ಇದೇ ನಿಮ್ಮ ಊಟವೇನು ಎಂದು ಕೇಳಿದಳು. ಶಾಲೆ ಮುಗಿಸಿ ಬಂದರೆ ಅಡುಗೆ ಮಾಡುವಷ್ಟು ತ್ರಾಣ ಇರುವುದಿಲ್ಲ ಎಂದೆ. ಅವಳು ಬಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಒಳಗೇ ಬಂದಳು.

"ಕಡ್ಲಿಹಿಟ್ಟು ಐತೇನ್ರಿ ಅಕ್ಕೋರ? ಉಳ್ಳಾಗಡ್ಡಿ? ಅಷ್ಟಿದ್ರ ಸಾಕ್ರಿ. ಹತ್ತು ಮಿನಿಟಿನ್ಯಾಗ ಜುಣಕಾ ಆಗತೈತಿ."

ಆಯಿತು ಕೂಡ. ಅಂಗಡಿಯಿಂದ ತಂದ ಕಡಕ್ ರೊಟ್ಟಿಯ ಜೊತೆ ತಿಂದೆ. ಎಷ್ಟೋ ತಿಂಗಳ ನಂತರ ಹೊಟ್ಟೆ ತುಂಬಿತ್ತು. ಅಲ್ಲಿಂದ ವಾರಕ್ಕೊಂದು ಕಲಿಸತೊಡಗಿದಳು. ಅಮ್ಮಾರು ಸೋಮವಾರ ಸಂಜೆ ಗುಡಿಗೆ ಹೋಗಿ ಭಜನೆ ಮುಗಿಸಿ ಬರುತ್ತಿದ್ದರು, ಅದೇ ನಮ್ಮ ಹೊತ್ತು. ಮೆಂತ್ಯೆಸೊಪ್ಪು ಹಾಕಿದ ಮುದ್ದಿಪಲ್ಯ, ತೊಗರಿಬೇಳೆಯ ಖಾರಬ್ಯಾಳಿ, ಹುರಿದ ಶೇಂಗಾಕ್ಕೆ ಬೆಲ್ಲ ಕುಟ್ಟಿ ಕಟ್ಟುವ ಉಂಡಿ... ಎಲ್ಲ ಸುಲಭದವು, ಎಲ್ಲ ಮನೆಯಲ್ಲಿರುವ ಸಾಮಾನಿನವು. ನನಗೋ ಮರೆವು. ಮರುದಿನ ಮಾಡಹೋದರೆ ಯಾವುದು ಮೊದಲು ಯಾವುದು ಆಮೇಲೆ ಎಂದು ಗೊಂದಲ. ಅದಕ್ಕೇ ಒಂದು ಸೋಮವಾರ ಅವಳು ಮಾಡುವುದನ್ನು ನನ್ನ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆ. ಮುಖ ಬೇಡ ಎಂದಳು. ಕೈ ಮಾತ್ರ ಹಿಡಿದೆ, ಮಾತು ತಾನಾಗಿ ಬಂತು.

ಅವಳು ಅದನ್ನು ನೋಡಿದ ರೀತಿ ನನಗೆ ಇವತ್ತಿಗೂ ಕಣ್ಣಮುಂದಿದೆ. ಮೊಬೈಲನ್ನು ಕಿವಿಯ ಹತ್ತಿರ ಹಿಡಿದುಕೊಂಡು, ಚಿತ್ರ ನೋಡದೆ ಬರೀ ಕೇಳಿದಳು. "ನನ್ನ ದನಿ ಹಿಂಗ ಐತೇನ್ರಿ?" ಎಂದಳು. ಮತ್ತೊಮ್ಮೆ ಹಾಕಿ ಎಂದಳು. ಆ ಮನೆಯಲ್ಲಿ ಅವಳು ದಿನಕ್ಕೆ ಎಷ್ಟು ಮಾತಾಡುತ್ತಿದ್ದಳೋ, ಯಾರ ಜೊತೆ ಆಡುತ್ತಿದ್ದಳೋ... ಆಗ ನಾನು ಅದನ್ನು ಯೋಚಿಸಿರಲಿಲ್ಲ.

ಇದನ್ನು ಮಂದಿಯೂ ನೋಡಲಿ ಎಂದವಳು ಅವಳೇ. ನಾನು ಒಂದು ಚಾನೆಲ್ ಮಾಡಿ ಹಾಕತೊಡಗಿದೆ. ಹೆಸರಿಲ್ಲ, ಊರಿಲ್ಲ, ಎರಡು ಕೈ, ಹಸಿರು ಬಳೆ, ಒಂದು ದನಿ. ಅಡುಗೆ ಹೇಳಿಕೊಡುವ ಬೇರೆಯವರ ಹಾಗೆ ಕಪ್, ಚಮಚದ ಲೆಕ್ಕ ಅವಳಿಗೆ ಬರುತ್ತಿರಲಿಲ್ಲ. ಉಳಿದ ಚಪಾತಿಯಿಂದ ಮಾದ್ಲಿ ಮಾಡಿದ ದಿನ ಅವಳು ಆಡಿದ್ದು ನನಗೆ ಬಾಯಿಪಾಠ ಇದೆ:

"ನಿನ್ನಿ ಚಪಾತಿ ಉಳದಿದ್ರ ಚೆಲ್ಲಬ್ಯಾಡ್ರಿ. ಹಂಚಿನ ಮ್ಯಾಲ ಸಣ್ಣ ಉರಿಯಾಗ ಕಡಕ್ ಮಾಡ್ರಿ. ಮಿಕ್ಸಿಗಿ ಹಾಕಿ ರವಾದಂಗ ಒಡಕೋರಿ, ಹಿಟ್ಟ ಮಾಡಬ್ಯಾಡ್ರಿ. ಬೆಲ್ಲ ಎಷ್ಟಂತ ನನ್ನ ಕೇಳಬ್ಯಾಡ್ರಿ. ನಿಮ್ಮ ಮನ್ಯಾಗ ಎಷ್ಟು ಸಿಹಿ ತಿಂತಾರಂತ ನಿಮಗ ಗೊತ್ತಿರತೈತಿ. ಕೊಬ್ರಿ, ಗಸಗಸಿ, ಯಾಲಕ್ಕಿ ಇದ್ರ ಹಾಕ್ರಿ, ಇಲ್ಲಂದ್ರ ತುಪ್ಪ ಒಂದ್ ಸಾಕು."

ಅದರ ಕೆಳಗೆ ಮುದ್ದೇಬಿಹಾಳದ ಕಡೆಯಿಂದ ಪುಣೆಗೆ ಮದುವೆಯಾಗಿ ಹೋದ ಯಾರೋ ಹೆಣ್ಣುಮಗಳು ಬರೆದಿದ್ದಳು. ನಿಮ್ಮ ಮಾತು ಕೇಳಿದರೆ ತವರುಮನೆಯ ಅಡುಗೆಮನೆಯಲ್ಲಿ ಕೂತ ಹಾಗಾಗುತ್ತದೆ, ದಿನಾ ಮಲಗುವ ಮುಂಚೆ ಒಂದು ವಿಡಿಯೊ ಹಚ್ಚಿ ಕೇಳುತ್ತೇನೆ ಎಂದು. ಓದಿ ಹೇಳಿದೆ. ಅವಳು ಒಣಗಿದ ಕೈಯನ್ನೇ ಸೀರೆಯ ಸೆರಗಿನಿಂದ ಮತ್ತೆ ಮತ್ತೆ ಒರೆಸಿಕೊಂಡಳು.

ಅವಳು ಬಸುರಾಗಿ ಏಳು ತಿಂಗಳಾದಾಗ ಕುಬಸ, ಅಂದರೆ ಸೀಮಂತ, ಮಾಡಿದರು. ಮನೆ ತುಂಬ ಬೀಗರು. ಊಟವಾದ ಮೇಲೆ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಇಂಡಿಯಿಂದ ಬಂದಿದ್ದ ಅಮ್ಮಾರ ತಂಗಿ, ಉಂಡಿ ಬಹಳ ಚೆನ್ನಾಗಿವೆ, ಯಾರು ಕಟ್ಟಿದ್ದು ಎಂದು ಕೇಳಿದರು. ಸೊಸೆ ಕಟ್ಟಿದ್ದಾಳೆ ಎಂದು ಯಾರೋ ಹೇಳಿದರು. ನಾನು ಅಲ್ಲೇ ಸುಮ್ಮನಿರಬೇಕಿತ್ತು. ಇರಲಿಲ್ಲ. ಇವಳ ಕೈಯನ್ನು ಪುಣೆಯವರೂ ಕೊಂಡಾಡುತ್ತಾರೆ ಎಂದು ಹೇಳಿ, ಮೊಬೈಲ್ ತೆಗೆದು ಎಲ್ಲರ ನಡುವೆ ಒಂದು ವಿಡಿಯೊ ಹಚ್ಚಿಬಿಟ್ಟೆ. ಅವಳನ್ನು ಎಲ್ಲರೂ ಹೊಗಳಲಿ, ಅಮ್ಮಾರ ಕಿವಿಗೂ ಬೀಳಲಿ ಎಂಬುದೇ ನನ್ನ ಮನಸ್ಸಿನಲ್ಲಿದ್ದದ್ದು. ಹೊಸ ಸೀರೆ, ಹೂವು, ಉಡಿಯಲ್ಲಿ ಅಕ್ಕಿ ತುಂಬಿಸಿಕೊಂಡು ಕೂತವಳು ನನ್ನ ಕಡೆ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಬೇಡ ಎಂದು. ಅಷ್ಟರಲ್ಲಿ ಅವಳ ದನಿ ಪಡಸಾಲೆಯ ತುಂಬ ಕೇಳುತ್ತಿತ್ತು.

ಅಮ್ಮಾರು ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದರು. ಬಂದವರು ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತರು.

"ಅಕ್ಕೋರ, ನೀವು ಕಲತವರು. ನಮ್ಮ ಮನಿ ಹೆಣ್ಣಮಗಳ ಮಾತು ಊರಮಂದಿ ಕೇಳಬೇಕೋ ಬ್ಯಾಡೋ ಅನ್ನೂದು ನೀವು ಹೆಂಗ ಠರಾಯಿಸಿದ್ರಿ?"

ಕೇಳಿಕೊಂಡವಳು ಅವಳೇ ಎಂದು ಹೇಳಿದರೆ ಅವಳ ಮೇಲೆ ಬರುತ್ತದೆ. ಎಲ್ಲ ನಾನೇ ಮಾಡಿದ್ದು, ತಪ್ಪಾಯಿತು ಎಂದೆ. ಅವರ ಎದುರಿನಲ್ಲೇ ಚಾನೆಲ್ ತೆಗೆದುಹಾಕಿದೆ. ಪುಣೆಯ ಆ ಹೆಣ್ಣುಮಗಳು ಅವತ್ತು ಮಲಗುವ ಮುಂಚೆ ಹುಡುಕಿರಬೇಕು...

ಎಂಟು ದಿನದ ನಂತರ ಅವಳನ್ನು ಬಾಣಂತನಕ್ಕೆ ಯಂಕಂಚಿಗೆ ಕರೆದುಕೊಂಡು ಹೋಗಲು ಅವಳ ಅಣ್ಣ ಬಂದ. ಹೊರಡುವಾಗ ಹೇಳಿ ಹೋಗಲು ನನ್ನ ಕೋಣೆಗೆ ಬಂದಳು. ನಾನು ಅತ್ತೆ. ಅವಳು ಅಳಲಿಲ್ಲ. "ಇರಲಿ ಬಿಡ್ರಿ ಅಕ್ಕೋರ. ನಿಮ್ಮ ಮೊಬೈಲ್‌ನ್ಯಾಗ ಅದಾವಲ್ರಿ, ಅಷ್ಟು ಸಾಕು. ಕೂಸಿನ್ನ ಕರಕೊಂಡು ಬಂದ ಮ್ಯಾಲ ಇಬ್ರೂ ಕೂತು ನೋಡೂಣಂತ" ಎಂದಳು. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ನೆಲ ನೋಡುತ್ತಿದ್ದ. ಅವನು ಒಳ್ಳೆಯವನೇ. ಮಾತಾಡಬೇಕಾದ ಕಡೆ ಮಾತಾಡದವನು, ಅಷ್ಟೆ. ನಾನೂ ಬೇಡದ ಕಡೆ ಮಾತಾಡಿದವಳಲ್ಲವೇ, ಅವನಿಗೇನು ಹೇಳಲಿ.

ಅದೇ ತಿಂಗಳು ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹೊಸ ಶಾಲೆ, ಹೊಸ ಬಾಡಿಗೆ ಮನೆ. ಆಗ ಶಾಲೆಯ ಪ್ರತಿಯೊಂದು ಕಾಗದವನ್ನೂ ಫೋಟೊ ಹೊಡೆದು ಕಳಿಸಬೇಕಿತ್ತು. ಮೊಬೈಲ್ ತುಂಬಿ ತುಂಬಿ ಒಂದು ದಿನ ನಿಂತೇಹೋಯಿತು. ರಿಪೇರಿ ಅಂಗಡಿಯವನು ತಿರುಗಿಸಿ ನೋಡಿ, ಜಾಗವಿಲ್ಲ, ವಿಡಿಯೊ ಎಲ್ಲ ಅಳಿಸಲೇನು ಎಂದು ಕೇಳಿದ. ಮರುದಿನ ಕಳಿಸಬೇಕಾದ ಫೋಟೊಗಳಿದ್ದವು. ನನಗೆ ಅವಳ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಅವಳು ಇದ್ದಾಳಲ್ಲ, ಮತ್ತೆ ತೆಗೆದರಾಯಿತು ಎಂದುಕೊಂಡೆ. ಅಳಿಸು ಎಂದೆ.

ಇಪ್ಪತ್ತು ದಿನವೂ ಆಗಿರಲಿಲ್ಲ. ಮಾಲಕರು ಫೋನ್ ಮಾಡಿದರು. ಹೆರಿಗೆಯಾಗಿತ್ತು, ಹೆಣ್ಣು ಕೂಸು. ಆದರೆ ರಕ್ತ ನಿಲ್ಲಲಿಲ್ಲವಂತೆ. ವಿಜಯಪುರಕ್ಕೆ ಒಯ್ಯುವ ದಾರಿಯಲ್ಲೇ ಹೋದಳಂತೆ. ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಫೋನನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದನ್ನೇ ನೋಡುತ್ತ ಕೂತಿದ್ದೆ. ಮೂರನೆಯ ದಿನ ಯಂಕಂಚಿಗೆ ಹೋದೆ. ಅವಳ ತಾಯಿ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದರು. ಸಂಜೆಯ ಬಸ್ಸಿಗೆ ವಾಪಸು ಬಂದೆ. ಸಿಂದಗಿಗೆ ಮತ್ತೆ ಹೋಗಲಿಲ್ಲ. ಧೈರ್ಯವಿರಲಿಲ್ಲ.

ಕಳೆದ ಶ್ರಾವಣದಲ್ಲಿ, ಒಂದು ಸೋಮವಾರ ನನ್ನ ಬಾಗಿಲು ಯಾರೋ ಬಡಿದರು. ತೆಗೆದರೆ ಅಮ್ಮಾರು. ಬಹಳ ಇಳಿದುಹೋಗಿದ್ದರು. ಕೈ ಹಿಡಿದುಕೊಂಡು ಐದು ವರ್ಷದ ಹುಡುಗಿ ನಿಂತಿತ್ತು. ಬಸವಣ್ಣನ ಗುಡಿಗೆ ಬಂದಿದ್ದೆವು, ನಿಮ್ಮ ಮನೆ ಕೇಳಿಕೊಂಡು ಬಂದೆವು ಎಂದರು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕೂತು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಹೇಳಿದರು. ಮನೆಯಲ್ಲಿ ಅವಳ ಫೋಟೊ ಇವೆ. ಮದುವೆಯ ವಿಡಿಯೊ ಇದೆ, ಆದರೆ ಅದರ ತುಂಬ ಬ್ಯಾಂಡು, ಸಿನಿಮಾ ಹಾಡು, ಅವಳು ತುಟಿ ಅಲ್ಲಾಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಅವ್ವ ಹೇಗೆ ಮಾತಾಡುತ್ತಿದ್ದಳು ಎಂದು ಈ ಹುಡುಗಿ ದಿನಾ ಕೇಳುತ್ತದೆ.

"ನಿಮ್ಮ ಮೊಬೈಲ್‌ನ್ಯಾಗ ಇದ್ದವಲ್ರಿ ಅಕ್ಕೋರ. ಅಂದು ತಗಸಿದಾಕಿ ನಾನ. ಇಂದು ನಾನ ಕೇಳಾಕತ್ತೇನಿ. ಈಕಿಗಿ ಒಮ್ಮೆ ಕೇಳಸ್ರಿ."

ಸುಳ್ಳು ಹೇಳಬಹುದಿತ್ತು. ಮೊಬೈಲ್ ಕಳೆದುಹೋಯಿತು, ನೀರಿಗೆ ಬಿತ್ತು ಎನ್ನಬಹುದಿತ್ತು. ಹೇಳಲಿಲ್ಲ. ಹೇಗೆ ಅಳಿಸಿದೆ, ಯಾವ ಕಾರಣಕ್ಕೆ ಅಳಿಸಿದೆ, ಎಲ್ಲ ಹೇಳಿದೆ. ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನ್ನ ಕೈಯ ಮೇಲೆ ಕೈ ಇಟ್ಟು, "ಮದಲ ನಾ ಅಳಿಸಿದ್ನಿ, ಆಮ್ಯಾಲ ನೀವು" ಎಂದರು. ಇಬ್ಬರೂ ಅತ್ತೆವು. ಹುಡುಗಿ ಇಬ್ಬರ ಮುಖವನ್ನೂ ನೋಡುತ್ತಿತ್ತು.

ಹುಡುಗಿಗೆ ಹಸಿವಾಗಿತ್ತು. ಅಡುಗೆಮನೆಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂಡಿಸಿಕೊಂಡು ಸುಸಲಾ ಮಾಡಿದೆ. ಮಾಡುತ್ತ ಮಾಡುತ್ತ ಅವಳ ತಾಯಿ ಹೇಳುತ್ತಿದ್ದ ಮಾತುಗಳನ್ನೇ ಹೇಳಿದೆ. ಹುಡುಗಿ ಒಂದು ಮುಷ್ಟಿ ತಿಂದು, "ನಮ್ಮವ್ವ ಹಿಂಗ ಮಾತಾಡ್ತಿದ್ಲೇನ್ರಿ?" ಎಂದು ಕೇಳಿತು.

"ಮಾತು ಇವೇ, ಅವ್ವಿ. ದನಿ ಬ್ಯಾರೆ ಇತ್ತು" ಎಂದೆ.

"ಹೆಂಗ ಇತ್ತು?"

ನನಗೆ ಹೇಳಲು ಬರಲಿಲ್ಲ.

ಈಗ ಆ ಹುಡುಗಿಗೆಂದು ಒಂದು ವಹಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅವಳ ತಾಯಿ ಹೇಳಿದ ಅಡುಗೆಗಳನ್ನು, ಅವಳು ಹೇಳಿದ ಹಾಗೆಯೇ. ವಿಡಿಯೊಗಳನ್ನು ಎಷ್ಟೋ ಸಲ ಕೇಳಿದ್ದರಿಂದ ಒಂದು ಮಾತೂ ಮರೆತಿಲ್ಲ. ಎಲ್ಲಿ ತಡೆದಳು, ಎಲ್ಲಿ ನಕ್ಕಳು, ಅದೂ ಗೊತ್ತು. ಆದರೆ ಬರೆಯುವಾಗ ಕಿವಿಯಲ್ಲಿ ಕೇಳುವುದು ನನ್ನದೇ ದನಿ. ಮೊದಮೊದಲು ಅವಳದೂ ಕೇಳುತ್ತಿತ್ತು... ಅದು ಯಾವತ್ತು ನಿಂತಿತೋ, ನನಗೆ ತಿಳಿಯಲೇ ಇಲ್ಲ.